ತಿನ್ನೋನು ಒಬ್ಬ, ಕುಡಿಯೋನು ಒಬ್ಬ

ಕೊರಿಯಾದಲ್ಲಿ ಒಬ್ಬನೇ ಹೋಟ್ಲಿಗೆ ಹೋಗಿ ಒಳ್ಳೆ ಊಟ ಮಾಡ್ಬೇಕು ಅಂದ್ರೆ ಸ್ವಲ್ಪ ಎದೆಗಾರಿಕೆ ಬೇಕು. ನೂಡಲ್ಸು, ಗಂಜಿ, ಒಬ್ಬೊಬ್ಬರಿಗೆ ಕೊಡೋ ಸೂಪು, ಇಂಥದ್ದಕ್ಕೆಲ್ಲ ಏನೂ ತೊಂದ್ರೆ ಇಲ್ಲ, ಆದ್ರೆ ಮೇಜಿನ ಮಧ್ಯ ಕೆಂಡ ಇಟ್ಟು ಮಾಂಸ ಸುಡೋ ಅಂಗಡಿ, ಅಗಲ ಬಾಣಲೇಲಿ ಮೀನು ಕುದಿಸಿ ತಂದಿಡೋ ಅಂಗಡಿ, ಇಂಥ ಕಡೆ ಮೆನು ಮೂಲೇಲಿ ಕನಿಷ್ಠ ಇಬ್ಬರ ಪಾಲು ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಬಾಗಿಲಲ್ಲೇ ಅಜುಮ್ಮ, ಅಂದ್ರೆ ಅಂಗಡಿಯ ನಡುವಯಸ್ಸಿನ ಹೆಂಗಸು, ಒಂದು ಬೆರಳು ಎತ್ತಿ "ಒಬ್ರೇನಾ?" ಅಂತ ಕೇಳ್ತಾರೆ, ಆ ಕೇಳೋ ಧಾಟಿಗೇ ನಮಗೆ ಮದುವೆ ಆಗಿಲ್ಲ, ಸ್ನೇಹಿತರಿಲ್ಲ, ಊರಲ್ಲಿ ಯಾರೂ ನಮ್ಮನ್ನ ಸೇರಿಸ್ಕೊಳ್ಳಲ್ಲ ಅಂತೆಲ್ಲ ಅನ್ನಿಸಿಬಿಡುತ್ತೆ. ಹಂಗಾಗಿ ಜೇಜು ದ್ವೀಪಕ್ಕೆ ಹೋಗಿ ಅಲ್ಲಿನ ತಿಂಡಿ ತೀರ್ಥ ಎಲ್ಲ ಒಂದೇ ದಿನದಲ್ಲಿ ನೋಡ್ಬಿಡೋಣ ಅಂತ ಪ್ಲ್ಯಾನ್ ಹಾಕ್ದಾಗ ನನಗೆ ಮೊದಲು ಬೇಕಾಗಿದ್ದು ಒಬ್ಬ ಎರಡನೇ ಮನುಷ್ಯ.

ಸಿಕ್ಕಿದ್ದು ಭಟ್ರು. ಶಿರಸಿ ಕಡೆಯವರು, ನಮ್ಮ ಆಫೀಸೇ, ಸೋಲ್‌ನಲ್ಲಿ ನನ್ನ ಪಕ್ಕದ ಬಿಲ್ಡಿಂಗು. ಮೊಟ್ಟೆ ಕೂಡ ಮುಟ್ಟದ ಜನ, ಕೊರಿಯಾಕ್ಕೆ ಬಂದಾಗಿಂದ ಅನ್ನ, ಮೊಸರು, ಮನೆಯಿಂದ ಬರೋ ಚಟ್ನಿಪುಡಿ, ಇಷ್ಟರ ಮೇಲೇ ಜೀವ ಹಿಡ್ಕೊಂಡಿದ್ದಾರೆ. ಆದ್ರೆ ಕುಡಿಯೋ ವಿಷಯಕ್ಕೆ ಬಂದ್ರೆ ಭಟ್ರದ್ದು ಬೇರೆ ಶಾಸ್ತ್ರ. "ಗೌಡ್ರೇ, ಸೋಜು ಯಾವುದ್ರಿಂದ ಮಾಡ್ತ್ರು? ಧಾನ್ಯ, ಗೆಣಸು. ಅದ್ರಲ್ಲಿ ಎಂತಾ ದೋಷ ಉಂಟು ಮಾರಾಯ್ರೇ?" ಅಂತ ಕೇಳಿದ್ರೆ ನನ್ ಹತ್ರ ಉತ್ತರ ಇರ್ಲಿಲ್ಲ. ಗಿಂಪೊ ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಕಾಯ್ತಾ ಕೂತಾಗಲೇ ಒಪ್ಪಂದ ಆಯ್ತು. ತಿನ್ನೋ ಇಬ್ಬರ ಪಾಲೂ ನಂದು, ಕುಡಿಯೋ ಇಬ್ಬರ ಪಾಲೂ ಅವರ್ದು. ಕಾರು ಓಡ್ಸೋದು ನಾನು, ಯಾಕಂದ್ರೆ ಅಲ್ಲಿ 2019ರಿಂದ ರಕ್ತದಲ್ಲಿ ಆಲ್ಕೊಹಾಲ್ 0.03 ಪರ್ಸೆಂಟ್ ಇದ್ರೇ ಸಾಕು ಪೊಲೀಸರು ಹಿಡೀತಾರೆ, ಒಂದು ಗ್ಲಾಸಿಗೇ ಕಥೆ ಮುಗೀಬಹುದು. ಬಿಲ್ಲು ಅರ್ಧ ಅರ್ಧ. ಕಾಗದದ ಮೇಲೆ ಬರೆದಿದ್ರೆ ಎಷ್ಟು ನ್ಯಾಯವಾದ ಒಪ್ಪಂದ ಅನ್ನಿಸ್ತಿತ್ತು ಗೊತ್ತಾ.

ಗಿಂಪೊದಿಂದ ಜೇಜುಗೆ ಬರೀ ಒಂದು ಗಂಟೆ ಚಿಲ್ಲರೆ ಹಾರಾಟ, ಪ್ರಪಂಚದಲ್ಲೇ ಅತಿ ಹೆಚ್ಚು ಜನ ಓಡಾಡೋ ವಿಮಾನ ಮಾರ್ಗಗಳಲ್ಲಿ ಒಂದು ಅದು, ಬೆಳಿಗ್ಗೆ ಬೆಳಿಗ್ಗೆ ಬಸ್ಸು ಬಿಟ್ಟಂಗೆ ಬಿಡ್ತಿರ್ತಾರೆ. ನವೆಂಬರ್ ಕೊನೆ. ಜೇಜುನಲ್ಲಿ ಮೂರು ವಸ್ತು ಹೇರಳ, ಗಾಳಿ, ಕಲ್ಲು, ಹೆಂಗಸರು ಅಂತ ಹಳೇ ಮಾತಿದೆ, ಏರ್‌ಪೋರ್ಟಿನ ಬಾಗಿಲು ದಾಟಿದ ಕೂಡಲೇ ಮೊದಲನೇದು ಬಂದು ಭಟ್ರ ಮಫ್ಲರನ್ನ ಎತ್ಕೊಂಡು ಟ್ಯಾಕ್ಸಿ ಸ್ಟ್ಯಾಂಡ್ ಕಡೆ ಹೋಯ್ತು. ಬಾಡಿಗೆ ಕಾರು ತಗೊಂಡು ಸೀದಾ ಹೋಗಿದ್ದು ಜೇಜು ಸಿಟಿಯ ನೂಡಲ್ಸ್ ಬೀದಿಗೆ. ಅಲ್ಲಿ ಸಾಲಾಗಿ ಇರೋದೆಲ್ಲ ಗೋಗಿ ಗುಕ್ಸು ಅಂಗಡಿಗಳೇ, ಹಂದಿ ಮೂಳೆ ಗಂಟೆಗಟ್ಲೆ ಕುದಿಸಿ ಹಾಲಿನ ಬಣ್ಣ ಬರ್ಸಿದ ಸಾರು, ಅದರೊಳಗೆ ದಪ್ಪನೆ ಗೋಧಿ ಶಾವಿಗೆ, ಮೇಲೆ ಬೇಯಿಸಿದ ಹಂದಿ ಮಾಂಸದ ಹೋಳು. ಬೆಳಿಗ್ಗೆ ಒಂಬತ್ತಕ್ಕೆ ಇದನ್ನ ತಿನ್ನೋರು ಇರ್ತಾರಾ ಅಂತ ಡೌಟಿತ್ತು, ಹೊರಗಡೆ ಕ್ಯೂ ಇತ್ತು.

ಭಟ್ರಿಗೆ ಸಾರಿಲ್ಲದ ಖಾರದ ನೂಡಲ್ಸು ಹೇಳಿ "ಗೋಗಿ ಪ್ಪೆ ಜುಸೆಯೊ", ಮಾಂಸ ತೆಗೆದು ಕೊಡಿ ಅಂತ ಅವರೇ ಕೈ ಮುಗಿದು ಕೇಳ್ಕೊಂಡ್ರು. ಅಜುಮ್ಮ ತಲೆ ಆಡಿಸಿ ಒಳಗೆ ಹೋದ್ರು. ಬಟ್ಟಲು ಬಂತು, ಭಟ್ರ ನೂಡಲ್ಸಿನ ಮೇಲೆ ಮಾಂಸ ಇಲ್ಲ, ಸೌತೆಕಾಯಿ, ಎಲೆ, ಎಳ್ಳು. ನನ್ನ ಬಟ್ಟಲು ನೋಡಿದ್ರೆ ಹೋಳುಗಳು ಸಾರಿನಿಂದ ಮೇಲೆದ್ದು ಗುಡ್ಡೆ ಕಟ್ಟಿವೆ. ಅವರ ಪಾಲು ಎಸೆಯೋದು ಹೆಂಗೆ ಅಂತ ಪುಣ್ಯಾತ್ಗಿತ್ತಿ ನನಗೆ ಪ್ರಮೋಷನ್ ಕೊಟ್ಟಿದ್ರು. ದಿನ ಇನ್ನೂ ಶುರುನೇ ಆಗಿಲ್ಲ, ಒಪ್ಪಂದ ಆಗ್ಲೇ ಜಾರಿಗೆ ಬಂತು. ಸಾರು ಮಾತ್ರ ಬಲು ಚೆನ್ನಾಗಿತ್ತು ಕಣ್ರೀ, ಜಿಡ್ಡಿದೆ ಆದ್ರೆ ಭಾರ ಇಲ್ಲ, ಖಾರದ ಪುಡಿ ಮೇಲೆ ಚೂರು ಉದುರಿಸ್ಕೊಂಡು ಕುಡಿದ್ರೆ ಮೂಗಿನಿಂದ ಕಿವಿವರೆಗೂ ಬೆಚ್ಚಗಾಗುತ್ತೆ. ಇಡೀ ದಿನದ ಲೆಕ್ಕ ಹಾಕಿದ್ರೆ ನನ್ನ ನಂಬರ್ ಒನ್ ಇದೇ, ಅದು ಬಹುಶಃ ಆಗ ಹೊಟ್ಟೆ ಖಾಲಿ ಇದ್ದಿದ್ದಕ್ಕೂ ಇರಬಹುದು.

ಆ ಬೀದಿ ಹತ್ರಾನೇ ಸಾಮ್‌ಸೊಂಗ್‌ಹ್ಯೊಲ್ ಅಂತ ಒಂದು ಜಾಗ, ನೆಲದಲ್ಲಿ ಮೂರು ಗುಂಡಿ, ಅದರಿಂದ ಗೋ, ಯಾಂಗ್, ಬೂ ಅನ್ನೋ ಮೂರು ಜನ ಮೂಲಪುರುಷರು ಎದ್ದು ಬಂದ್ರಂತೆ, ಬೇಟೆ ಆಡ್ಕೊಂಡು ಇದ್ರಂತೆ, ಆಮೇಲೆ ಸಮುದ್ರದ ಮೇಲೆ ಮೂರು ರಾಜಕುಮಾರಿಯರು ಐದು ಧಾನ್ಯದ ಬೀಜ, ಕರು, ಕುದುರೆಮರಿ ತಗೊಂಡು ಬಂದು ಬೇಸಾಯ ಶುರುವಾಯ್ತಂತೆ. ಭಟ್ರು ಬೋರ್ಡು ಓದಿ ನಿಟ್ಟುಸಿರು ಬಿಟ್ರು. "ನೋಡಿ, ಬೀಜ ತಂದು ಕೊಟ್ಟಿದ್ರು ಪಾಪ. ಆದ್ರೂ ಈ ಜನ ಹಂದಿ ಬಿಡ್ಲಿಲ್ಲ."

ಇನ್ನು ಕಾರಿನ ಕಥೆ. ನಮ್ಮ ಫೋನಿನಲ್ಲಿರೋ ಮ್ಯಾಪು ಅಲ್ಲಿ ಡ್ರೈವಿಂಗ್ ದಾರಿ ತೋರಿಸ್ಲಿಲ್ಲ, ಕಾರಲ್ಲಿರೋ ನ್ಯಾವಿಗೇಷನ್ನೇ ಗತಿ, ಅದು ಕೊರಿಯನ್ ಅಕ್ಷರದಲ್ಲಿ. ಆದ್ರೆ ಒಂದು ಸುಲಭ ಇದೆ, ಹೋಗ್ಬೇಕಾದ ಜಾಗದ ಫೋನ್ ನಂಬರ್ ಒತ್ತಿದ್ರೆ ಸಾಕು, ದಾರಿ ಹೇಳುತ್ತೆ. ಜೇಜುನ ಲ್ಯಾಂಡ್‌ಲೈನ್ ನಂಬರುಗಳೆಲ್ಲ 064ರಿಂದ ಶುರು, ಮುಂದಿಂದು ಭಟ್ರು ಓದಿ ಓದಿ ಒತ್ತಿದ್ರು, ನಾನು ಓಡಿಸ್ದೆ. ಸೊಂಗ್‌ಸಾನ್ ಕಡೆ ಒಂದು ಮೀನಿನ ಹೋಟ್ಲು ನಮ್ಮ ಗುರಿ. ರಸ್ತೆ ಸಣ್ಣ ಆಯ್ತು, ಇನ್ನೂ ಸಣ್ಣ ಆಯ್ತು, ಎರಡೂ ಕಡೆ ಕಪ್ಪು ಲಾವಾ ಕಲ್ಲಿನ ಗೋಡೆ ಹತ್ತಿರ ಹತ್ತಿರ ಬಂದು ಕಾರಿನ ಕನ್ನಡಿ ಮಡಚೋ ಹಂಗಾಯ್ತು, ಸಮುದ್ರ ಎಲ್ಲೂ ಕಾಣ್ತಿಲ್ಲ, ಭಟ್ರು ಮಾತ್ರ "ಇಂಥಾ ಒಳಗಿನ ಹೋಟ್ಲೇ ಚಲೋ ಇರ್ತು" ಅಂತ ಧೈರ್ಯ ಹೇಳ್ತಾನೇ ಇದ್ರು. ನ್ಯಾವಿಗೇಷನ್ ಹೆಂಗಸು ಖುಷಿಯಿಂದ ಏನೋ ಘೋಷಣೆ ಮಾಡಿ ಸುಮ್ಮನಾದ್ಲು. ಮುಂದೆ ಒಂದು ಶೆಡ್ಡು, ಅದರ ತುಂಬ ಹಳದಿ ಕ್ರೇಟು, ಕ್ರೇಟಿನ ತುಂಬ ಕಿತ್ತಳೆ. ಒಂದು ಅಂಕಿ ಆಚೀಚೆ ಆಗಿತ್ತು.

ಶೆಡ್ಡಿನಿಂದ ತಲೆಗೆ ಹೂವಿನ ಬಟ್ಟೆ ಕಟ್ಕೊಂಡ ಒಬ್ಬ ಅಜ್ಜಿ ಬಂದ್ರು. ಜೇಜುನಲ್ಲಿ ಊರಿನ ಹಿರಿಯರು ಗಂಡಾಗ್ಲಿ ಹೆಣ್ಣಾಗ್ಲಿ "ಸಾಮ್ಚುನ್" ಅಂತ ಕರೀಬೇಕು ಅಂತ ನಾನು ಓದ್ಕೊಂಡು ಹೋಗಿದ್ದೆ, ಕರೆದೆ ಕೂಡ, ಅಜ್ಜಿ ಖುಷಿಯಾಗ್ಬಿಟ್ರು, ಆಮೇಲೆ ಅವರು ಮಾತಾಡಿದ್ದು ಪಕ್ಕಾ ಜೇಜು ಭಾಷೆ, ಸೋಲ್‌ನವರಿಗೇ ಅರ್ಥ ಆಗಲ್ಲ ಅಂತಾರೆ, ನಮಗೆಲ್ಲಿಂದ. ಭಟ್ರು ಫೋನ್ ತೋರಿಸಿ ಹೋಟ್ಲು ಎಲ್ಲಿ ಅಂತ ಕೈಸನ್ನೆ ಮಾಡಿದ್ರು, ಬಾಯಿ ಕಡೆ ಬೆರಳು ತೋರ್ಸಿ. ಅಜ್ಜಿಗೆ ಅರ್ಥ ಆಗಿದ್ದು ಈ ಎರಡು ಪರದೇಶಿಗಳಿಗೆ ಹಸಿವಾಗಿದೆ ಅಂತ. ಸೈಜು ಸರಿ ಇಲ್ಲದ, ಸಿಪ್ಪೆ ಮೇಲೆ ಕಲೆ ಇರೋ, ಮಾರೋಕೆ ಆಗದ ಹಣ್ಣುಗಳ ಗುಡ್ಡೆಯಿಂದ ಬಾಚಿ ಬಾಚಿ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ತುಂಬ್ಸಿದ್ರು. ದುಡ್ಡು ತೆಗೆದ್ರೆ ಬೈದ್ರು, ಬೈಗುಳ ಮಾತ್ರ ಯಾವ ಭಾಷೇಲಿದ್ರೂ ಗೊತ್ತಾಗುತ್ತೆ.

ಈ ಕಿತ್ತಳೆಗೆ ದೊಡ್ಡ ಇತಿಹಾಸ ಇದೆ. ಜೋಸೊನ್ ರಾಜರ ಕಾಲದಲ್ಲಿ ಇದು ರಾಜಧಾನಿಗೆ ಕಪ್ಪವಾಗಿ ಹೋಗ್ಬೇಕಿತ್ತು, ಅಧಿಕಾರಿಗಳು ಮರದಲ್ಲಿರೋ ಕಾಯಿ ಎಣಿಸಿ ಬರ್ಕೊಂಡು ಹೋಗೋರಂತೆ, ಉದುರಿದ್ರೂ ಲೆಕ್ಕ ಕೊಡ್ಬೇಕು, ಆ ಕಾಟ ತಡೀಲಾರದೆ ರೈತರು ಮರದ ಬುಡಕ್ಕೆ ಬಿಸಿನೀರು ಹಾಕಿ ಸಾಯಿಸ್ತಿದ್ರು ಅಂತ ಹೇಳ್ತಾರೆ. ಅದೇ ಮರ 1960-70ರ ದಶಕದಲ್ಲಿ ಕಾಲೇಜು ಮರ ಅಂತ ಹೆಸರು ತಗೊಳ್ತು, ಎರಡು ಮೂರು ಮರ ಇದ್ರೆ ಮಗನ್ನ ಯೂನಿವರ್ಸಿಟಿಗೆ ಕಳಿಸಬಹುದಿತ್ತು. ಈಗ ಸೀಸನ್ನಲ್ಲಿ ಎಲ್ಲಿ ನೋಡಿದ್ರೂ ಪುಕ್ಕಟೆ. ಹೋಟ್ಲು ಗಲ್ಲಾ ಪಕ್ಕ ಬುಟ್ಟಿ, ಲಾಡ್ಜಿನ ಕೌಂಟರಿನಲ್ಲಿ ಬುಟ್ಟಿ. ಜೇಜುನಲ್ಲಿ ಕಾಸು ಕೊಟ್ಟು ಕಿತ್ತಳೆ ತಗೊಳ್ಳೋನು ಅಂದ್ರೆ ಅವನಿಗೆ ಊರಲ್ಲಿ ಯಾರೂ ಬೇಕಾದೋರಿಲ್ಲ ಅಂತ ಅಲ್ಲಿನವರೇ ತಮಾಷೆ ಮಾಡ್ತಾರೆ. ಆ ಲೆಕ್ಕದಲ್ಲಿ ನಾವು ಸಂಜೆ ಹೊತ್ತಿಗೆ ಇಡೀ ದ್ವೀಪಕ್ಕೇ ಬೇಕಾದ ಜನ ಆಗಿದ್ವಿ, ಹಿಂದಿನ ಸೀಟಿನಲ್ಲಿ ಮನುಷ್ಯ ಕೂರೋಕೆ ಜಾಗ ಇರ್ಲಿಲ್ಲ.

ಸೊಂಗ್‌ಸಾನ್ ಮುಟ್ಟಿದ್ವಿ ಕೊನೆಗೂ. ಸಮುದ್ರಕ್ಕೆ ಅಂಟ್ಕೊಂಡು ನಿಂತಿರೋ ಜ್ವಾಲಾಮುಖಿ ಗುಡ್ಡ ಇಲ್ಚುಲ್‌ಬೊಂಗ್, 182 ಮೀಟರ್ ಎತ್ತರ, ನೀರೊಳಗಿಂದ ಸ್ಫೋಟಿಸಿ ಎದ್ದಿದ್ದು, 2007ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗಗಳಲ್ಲಿ ಒಂದು, ಜನ ಸೂರ್ಯೋದಯ ನೋಡೋಕೆ ಕತ್ತಲಲ್ಲೇ ಹತ್ತುತಾರೆ. ನಾವು ಹತ್ತಲಿಲ್ಲ. ನಮ್ಮ ಪ್ಲ್ಯಾನು ಅಲ್ಲಿಂದ ಹದಿನೈದು ನಿಮಿಷ ದೋಣೀಲಿ ಉದೊ ಅನ್ನೋ ಸಣ್ಣ ದ್ವೀಪಕ್ಕೆ ಹೋಗಿ ಅಲ್ಲಿನ ಕಡಲೆಬೀಜದ ಐಸ್‌ಕ್ರೀಮು ತಿನ್ನೋದು, ಕಡಲೆಬೀಜದ ಮಕ್ಕೊಲ್ಲಿ ಕುಡಿಯೋದು, ಇದು ಭಟ್ರ ಪಾಲಿಗೆ ಇಡೀ ಟ್ರಿಪ್ಪಿನ ಮುಖ್ಯ ಘಟ್ಟ. ಬಂದರಿನಲ್ಲಿ ಟಿಕೆಟ್ ಕೌಂಟರು ಮುಚ್ಚಿತ್ತು, ಗಾಳಿ ಜಾಸ್ತಿ, ದೋಣಿ ಇಲ್ಲ. ಭಟ್ರ ಮುಖ ನೋಡೋಕೆ ಆಗ್ಲಿಲ್ಲ. ಪುಣ್ಯಕ್ಕೆ ಪಕ್ಕದ ಅಂಗಡೀಲೇ ಉದೊ ಕಡಲೆಬೀಜದ ಮಕ್ಕೊಲ್ಲಿ ಬಾಟಲಿ ಇತ್ತು, ಅಕ್ಕಿಯ ಬಿಳಿ ಮದ್ಯ, ಕಡಲೆಬೀಜದ ಘಮ, ಸಿಹಿ. ಸಣ್ಣ ಸಣ್ಣ ಬೀಜ ಅಲ್ಲಿಂದು, ಸಿಪ್ಪೆ ಸಮೇತ ತಿಂತಾರೆ. ಭಟ್ರು ಪಾರ್ಕಿಂಗ್ ಲಾಟಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಪೇಪರ್ ಕಪ್ಪಿನಲ್ಲಿ ತಮ್ಮ ಪಾಲು ಕುಡಿದ್ರು, ಆಮೇಲೆ ನನ್ನ ಪಾಲೂ ಕುಡಿದ್ರು. "ಗುಡ್ಡ ಹತ್ತೋಣ್ವಾ?" ಅಂದೆ. "ಇಲ್ಲಿಂದ್ಲೇ ಚಲೋ ಕಾಣ್ತು" ಅಂದ್ರು.

ಗುಡ್ಡದ ಕೆಳಗಡೆ ಕಪ್ಪು ಕಲ್ಲಿನ ದಡದಲ್ಲಿ ಹೇನ್ಯೊ ಅಜ್ಜಿಯರು ಇರ್ತಾರೆ. ಆಕ್ಸಿಜನ್ ಸಿಲಿಂಡರಿಲ್ಲದೆ ಬರೀ ಉಸಿರು ಬಿಗಿ ಹಿಡಿದು ಸಮುದ್ರಕ್ಕೆ ಮುಳುಗಿ ಶಂಖದ ಹುಳ, ಅಬಲೋನಿ ಅನ್ನೋ ಚಿಪ್ಪುಜೀವಿ, ಆಕ್ಟೋಪಸ್ ಹಿಡಿದು ತರೋ ಹೆಂಗಸರು, ಬಹುಪಾಲು ಅರವತ್ತು ದಾಟಿದವರು, 2016ರಲ್ಲಿ ಇವರ ಸಂಸ್ಕೃತಿನೂ ಯುನೆಸ್ಕೊ ಪಟ್ಟಿಗೆ ಸೇರ್ತು. ನೀರಿಂದ ಮೇಲೆ ಬಂದಾಗ ಹಿಡಿದಿಟ್ಟ ಉಸಿರು ಬಿಡೋವಾಗ ಒಂದು ಸಿಳ್ಳೆ ಬರುತ್ತೆ, ಹಕ್ಕಿ ಕೂಗಿದ್ದೇನೋ ಅನ್ಕೊಂಡೆ ನಾನು. ಅದನ್ನ ಕೇಳಿ ಮೈ ಜುಮ್ ಅಂತಿರೋವಾಗಲೇ ಒಬ್ಬ ಅಜ್ಜಿ ರಬ್ಬರ್ ಸೂಟಿನಲ್ಲೇ ಬಂದು ನನ್ನ ತೋಳು ಹಿಡಿದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಆಯ್ತು, ಮೆನು ಇಲ್ಲ, ಮಾತುಕತೆ ಇಲ್ಲ, ಚಾಕು ಚಕಚಕ. ತಟ್ಟೇಲಿ ಬಂದಿದ್ದು ಎಲ್ಲ ಹಸಿ. ಅಬಲೋನಿ ಗಟ್ಟಿಯಾಗಿ ಕರುಂ ಕರುಂ ಅಂತಿತ್ತು, ಪರವಾಗಿಲ್ಲ. ಸೋರಾ ಅನ್ನೋ ಶಂಖದ ಹುಳನೂ ಚೆನ್ನಾಗಿತ್ತು. ಮೊಂಗ್ಗೆ ಅಂತ ಒಂದಿದೆ ನೋಡಿ, ಹೊರಗಡೆ ಕೆಂಪಗೆ ಗುಳ್ಳೆ ಗುಳ್ಳೆ, ಒಳಗೆ ಕಿತ್ತಳೆ ಬಣ್ಣದ ತಿರುಳು, ಬಾಯಿಗೆ ಹಾಕ್ಕೊಂಡ್ರೆ ಮೊದಲು ಉಪ್ಪು, ಆಮೇಲೆ ಟಿಂಚರ್ ಅಯೋಡಿನ್, ಕೊನೆಗೆ ಎಲ್ಲಿಂದ್ಲೋ ಚೂರು ಸಿಹಿ. ಎರಡನೇ ಚೂರು ತಿನ್ನೋದೋ ಬೇಡ್ವೋ ಅಂತ ನಾನು ಯೋಚನೆ ಮಾಡ್ತಿದ್ದೆ, ಅಜ್ಜಿ ಯೋಚನೆ ಮಾಡ್ಲಿಲ್ಲ, ಕೈಯಲ್ಲೇ ಹಿಡಿದು ಕೆಂಪು ಖಾರದ ಸಾಸಲ್ಲಿ ಅದ್ದಿ "ಆ..." ಅಂದ್ರು, ನಾನೂ ಮಗು ಥರ "ಆ" ಅಂದೆ, ಹೋಯ್ತು.

ಆಮೇಲೆ ಅಜ್ಜಿ ಕಣ್ಣು ಭಟ್ರ ಮೇಲೆ ಬಿತ್ತು. ಎರಡು ಜನ ಬಂದು ಒಬ್ಬನೇ ತಿನ್ನೋದು ಅವರಿಗೆ ಸಹಿಸಲಾಗದ ವಿಷಯ. ಇನ್ನೊಂದು ಚೂರು ಅದ್ದಿದ್ರು, ಎದ್ರು. ಭಟ್ರು ಎರಡೂ ಕೈ ಅಡ್ಡ ಮಾಡಿ, ಎದೆ ಮುಟ್ಕೊಂಡು, ಆಕಾಶ ತೋರ್ಸಿ, ಶಾಖಾಹಾರ, ಧರ್ಮ, ಅಮ್ಮ, ಎಲ್ಲಾನೂ ಸನ್ನೇಲೇ ವಿವರಿಸೋಕೆ ನೋಡಿದ್ರು, ಅಜ್ಜಿ ಅದನ್ನೆಲ್ಲ ನಾಚಿಕೆ ಅಂತ ತಿಳ್ಕೊಂಡು ಮುಂದೆ ಮುಂದೆ ಬಂದ್ರು, ಭಟ್ರು ಹಿಂದೆ ಹಿಂದೆ ಹೋಗ್ತಾ ಹೋಗ್ತಾ ಒಂದು ಟಬ್ಬಿಗೆ ಕಾಲು ತಾಗಿಸಿದ್ರು. ಟಬ್ಬಲ್ಲಿದ್ದ ಆಕ್ಟೋಪಸ್ ಆ ಹೊತ್ತಿಗಾಗಲೇ ಒಂದು ಕೈ ಆಚೆ ಹಾಕಿ ತಪ್ಪಿಸ್ಕೊಳ್ಳೋ ಪ್ರಯತ್ನದಲ್ಲಿತ್ತು, ಅದಕ್ಕೆ ಆಸರೆ ಬೇಕಿತ್ತು, ಸಿಕ್ಕಿದ್ದು ಭಟ್ರ ಪ್ಯಾಂಟು. ಆ ಕ್ಷಣ ಅವರು ಹೊರಡಿಸಿದ ಸಿಳ್ಳೆಗೆ ನೀರಿನಲ್ಲಿದ್ದ ಹೇನ್ಯೊಗಳೂ ತಿರುಗಿ ನೋಡಿದ್ರು. ಅಜ್ಜಿ ನಿಧಾನಕ್ಕೆ ಒಂದೊಂದೇ ಹೀರುಬಟ್ಟಲು ಬಿಡಿಸಿ ಆಕ್ಟೋಪಸ್ಸನ್ನ ವಾಪಸ್ ಟಬ್ಬಿಗೆ ಹಾಕಿ, ಭಟ್ರ ಬೆನ್ನು ತಟ್ಟಿ, ಏನು ಕೊಟ್ರು ಹೇಳಿ? ಒಂದು ಕಿತ್ತಳೆ.

ಹೋಟ್ಲು ಸಿಕ್ತು ಆಮೇಲೆ. ಗಾಲ್ಚಿ, ರಿಬ್ಬನ್ ಮೀನು. ಜೇಜುದು ಬಲೆ ಹಾಕದೆ ಗಾಳದಲ್ಲೇ ಹಿಡಿಯೋದ್ರಿಂದ ಮೈಮೇಲಿನ ಬೆಳ್ಳಿ ಹಾಗೇ ಉಳಿದಿರುತ್ತೆ, ರಾತ್ರಿ ಹೊತ್ತು ದೂರದ ಸಮುದ್ರದಲ್ಲಿ ಸಾಲಾಗಿ ದೀಪ ಕಾಣುತ್ತಲ್ಲ ಆ ದೋಣಿಗಳು ಇದರ ಬೆನ್ನು ಹತ್ತಿದವೂ ಹೌದು. ಮೂಲಂಗಿ ಹಾಕಿ ಕೆಂಪಗೆ ಕುದಿಸಿದ ಗಾಲ್ಚಿ ಜೊರಿಮ್, ಕನಿಷ್ಠ ಇಬ್ಬರ ಪಾಲು, ಬಂದೇ ಬಿಟ್ವಲ್ಲ ನಾವು ಇಬ್ರು. ಬೆಳಗಿನ ಡಬಲ್ ಹಂದಿ, ಅದರ ಮೇಲೆ ಅಯೋಡಿನ್, ಅದರ ಮೇಲೆ ಇದು. ರೇಟು ನೋಡಿದ್ರೆ ಬಿಡೋಕೆ ಮನಸ್ಸು ಬರಲ್ಲ, ಮುಳ್ಳು ನೋಡಿದ್ರೆ ತಿನ್ನೋಕೆ ಧೈರ್ಯ ಬರಲ್ಲ, ಎರಡೂ ಅಂಚಿಗೆ ಬಾಚಣಿಗೆ ಹಲ್ಲು ಜೋಡ್ಸಿರೋ ಮೀನದು. ನಾನು ಮುಳ್ಳು ಬಿಡಿಸ್ತಾ ಕೂತಿರೋವಾಗ ಭಟ್ರು ಅನ್ನಕ್ಕೆ ಕಾರಿಂದ ತಂದ ಚಟ್ನಿಪುಡಿ ಕಲಸ್ಕೊಂಡು ಊಟ ಮುಗ್ಸಿ, ಕೈ ತೊಳ್ಕೊಂಡು ಬಂದು, ಎದುರಿಗೆ ಕೂತು ಕಿತ್ತಳೆ ಬಿಡಿಸ್ತಾ "ಅವಸರ ಇಲ್ಲ, ನಿಧಾನಕ್ಕೆ ತಿನ್ನಿ" ಅಂದ್ರು. ನನ್ನ ಕೇಳಿದ್ರೆ ಈ ಮೀನಿಗೆ ಅಷ್ಟು ದುಡ್ಡು ಜಾಸ್ತಿಯಾಯ್ತು, ಆ ಕೆಂಪು ಸಾರಲ್ಲಿ ಬೆಂದ ಮೂಲಂಗಿನೇ ಮೀನಿಗಿಂತ ರುಚಿ. ಇದನ್ನ ಅಲ್ಲಿ ಬಾಯಿ ಬಿಟ್ಟು ಹೇಳ್ಲಿಲ್ಲ.

ಅಲ್ಲಿಂದ ಸೊಂಗುಪ್ ಅನ್ನೋ ಹಳೇ ಹಳ್ಳಿ. ಹುಲ್ಲಿನ ಚಾವಣಿ, ಗಾಳಿಗೆ ಹಾರದಂತೆ ಅದಕ್ಕೆ ಹಗ್ಗದ ಬಲೆ, ಕಲ್ಲಿನ ಕಾಂಪೌಂಡು, ಬಾಗಿಲಲ್ಲಿ ಗುಂಡು ಕಣ್ಣಿನ ಕಲ್ಲಜ್ಜ. ಇಲ್ಲಿಗೆ ಬರೋಣ ಅಂತ ಹಠ ಹಿಡಿದಿದ್ದು ಭಟ್ರು, ಒಮೆಗಿ ಸುಲ್ ಅನ್ನೋ ಸಾಂಪ್ರದಾಯಿಕ ಮದ್ಯಕ್ಕೋಸ್ಕರ. ಜೇಜು ಪೂರ್ತಿ ಜ್ವಾಲಾಮುಖಿ ಕಲ್ಲು, ಮಳೆ ಎಷ್ಟು ಸುರಿದ್ರೂ ನೀರು ಇಂಗಿ ಹೋಗುತ್ತೆ, ಗದ್ದೆಯಲ್ಲಿ ನಿಲ್ಲಲ್ಲ, ಅದಕ್ಕೇ ಭತ್ತ ಬಲು ಕಮ್ಮಿ, ನವಣೆ, ಬಾರ್ಲಿ, ಬಕ್‌ವೀಟ್ ಅನ್ನೋ ಧಾನ್ಯ ಅಂತ ಬೆಳ್ಕೊಂಡು ಬಂದ ಜನ. ಹಿಂದೆಲ್ಲ ಬಿಳಿ ಅನ್ನ ಹಬ್ಬಕ್ಕೆ, ತಿಥಿಗೆ ಮಾತ್ರ. ನಮ್ಮಜ್ಜಿನೂ ಇದೇ ಹೇಳ್ತಿದ್ರು, ಮುದ್ದೆ ದಿನಕ್ಕೆ, ಅನ್ನ ಹಬ್ಬಕ್ಕೆ ಅಂತ. ಮಿಕ್ಕ ಕೊರಿಯಾದವರು ಅಕ್ಕೀಲಿ ಮದ್ಯ ಮಾಡಿದ್ರೆ ಇವರು ಅಂಟು ನವಣೆ ಹಿಟ್ಟಿಂದ ಬಳೆ ಆಕಾರದ ಕಡುಬು ಮಾಡಿ, ಬೇಯಿಸಿ, ಕುಟ್ಟಿ, ನುರುಕ್ ಅನ್ನೋ ಗೋಧಿ ಬೂಷ್ಟಿನ ಬಿಲ್ಲೆ ಪುಡಿ ಬೆರೆಸಿ ಹುದುಗಿಸ್ತಾರೆ. 1990ರಲ್ಲಿ ಜೇಜು ಸರ್ಕಾರ ಈ ಮದ್ಯ ಮಾಡೋ ವಿದ್ಯೆನ ಪರಂಪರೆ ಪಟ್ಟಿಗೆ ಸೇರಿಸ್ತು. ನವಣೆ ಅಂತ ತಿಳಿದ ಮೇಲಂತೂ ಭಟ್ರನ್ನ ಹಿಡಿಯೋರಿಲ್ಲ. "ಸಿರಿಧಾನ್ಯ ಮಾರಾಯ್ರೇ! ಡಾಕ್ಟ್ರು ಏನು ಹೇಳಿದ್ರು ನನಗೆ? ಸಿರಿಧಾನ್ಯ ತಗೊಳ್ಳಿ ಅಂದ್ರು." ಹುಳಿ ಮಿಶ್ರಿತ ಸಿಹಿ ಅಂತೆ, ಹೊಗೆ ವಾಸನೆ ಎಲ್ಲೋ ಚೂರು ಅಂತೆ. ಅಂತೆ ಅಂತೆ ಅಂತ ಬರೀತಿದ್ದೀನಿ, ಯಾಕಂದ್ರೆ ಕಾರಿನ ಕೀಲಿ ನನ್ನ ಜೇಬಿನಲ್ಲಿತ್ತು.

ಅದನ್ನೇ ಗೊಸೊರಿ ಅನ್ನೋ ಮಣ್ಣಿನ ಭಟ್ಟಿಯಲ್ಲಿ ಇಳಿಸಿದ್ರೆ ಗೊಸೊರಿ ಸುಲ್, 40 ಪರ್ಸೆಂಟ್. ಭಟ್ಟಿ ಇಳಿಸೋ ವಿದ್ಯೆ ಕೊರಿಯಾಕ್ಕೆ ಬಂದಿದ್ದು ಹದಿಮೂರನೇ ಶತಮಾನದಲ್ಲಿ ಮಂಗೋಲರ ಜೊತೆ, ಅವರು ಜೇಜುನಲ್ಲಿ ಕುದುರೆ ಸಾಕ್ಕೊಂಡು ಗಟ್ಟಿಯಾಗಿ ಬೀಡು ಬಿಟ್ಟಿದ್ರು. ಭಟ್ರು ಒಂದು ಸಣ್ಣ ಲೋಟ ಮೂಸಿ, ಕುಡಿದು, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕಲ್ಲಜ್ಜನ ಹತ್ರ ಹೋಗಿ ಹೆಗಲ ಮೇಲೆ ಕೈ ಹಾಕಿ ನಿಂತ್ಕೊಂಡ್ರು, ಫೋಟೋಗೆ ಇರಬೇಕು ಅನ್ಕೊಂಡೆ, ಫೋಟೋ ತೆಗೆದಾದ ಮೇಲೂ ಬಿಡ್ಲಿಲ್ಲ.

ಅದೇ ಊರಲ್ಲಿ ಒಂದು ಮನೆ ಹಿತ್ತಲಲ್ಲಿ ದೊತೊಂಗ್ಸಿ ಅಂತ ಕಲ್ಲಿನ ದೊಡ್ಡಿ ಇದೆ. ಮೇಲ್ಗಡೆ ಎರಡು ಚಪ್ಪಡಿ, ಅದು ಮನೆಯವರ ಪಾಯಿಖಾನೆ. ಕೆಳಗಡೆ ಕಪ್ಪು ಹಂದಿ. ಮೇಲಿಂದ ಏನು ಬೀಳುತ್ತೋ ಅದು ಕೆಳಗಿನವರಿಗೆ ಆಹಾರ, ಅದರ ಗೊಬ್ಬರ ಹೊಲಕ್ಕೆ, ಎಲ್ಲ ಲೆಕ್ಕ ಚುಕ್ತಾ. ಕೂರೋವಾಗ ಕೈಯಲ್ಲಿ ಒಂದು ಕೋಲು ಇಟ್ಕೋಬೇಕಿತ್ತಂತೆ, ಹಂದಿ ಅವಸರ ಪಟ್ಟು ಮೇಲಕ್ಕೆ ಮೂತಿ ತೂರಿಸ್ಬಾರ್ದು ಅಂತ. ಈ ಪದ್ಧತಿ ನಿಂತು ಎಷ್ಟೋ ದಶಕ ಆಯ್ತು, ಈಗಿನ ಹಂದಿಗಳು ಫಾರಮ್ಮಿನಲ್ಲಿ ಮೇವು ತಿಂದು ಬೆಳೆಯೋವು, ಅಸಲಿ ಹಳೇ ತಳೀನ 2015ರಲ್ಲಿ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿ ಕಾಪಾಡ್ತಿದ್ದಾರೆ. ಇಷ್ಟೆಲ್ಲ ನಾನು ವಿವರಿಸ್ದೆ. ಭಟ್ರು ದೊಡ್ಡಿ ನೋಡಿದ್ರು, ನನ್ನ ನೋಡಿದ್ರು, ಮತ್ತೆ ದೊಡ್ಡಿ ನೋಡಿದ್ರು. "ರಾತ್ರಿ ಊಟಕ್ಕೆ ಎಂತಾ ಅಂದಿದ್ರಿ ಗೌಡ್ರೇ?"

ರಾತ್ರಿ ಊಟಕ್ಕೆ ಕಪ್ಪು ಹಂದಿನೇ.

ಜೇಜು ಸಿಟಿಗೆ ವಾಪಸ್ ಬಂದು ಕಾರು ಲಾಡ್ಜಿನಲ್ಲಿ ನಿಲ್ಲಿಸಿ ನಡ್ಕೊಂಡೇ ಹೊರಟ್ವಿ, ಈಗ ನಾನೂ ಕುಡೀಬಹುದು ಅನ್ನೋ ಒಂದೇ ಆಸೆ. ದಾರೀಲಿ ದೊಂಗ್‌ಮುನ್ ಮಾರ್ಕೆಟ್. ಭಟ್ರು ಬೆಳಗಿಂದ ನೂಡಲ್ಸು, ಅನ್ನ, ಕಿತ್ತಳೆ, ಮದ್ಯ ಬಿಟ್ರೆ ಏನೂ ತಿಂದಿಲ್ಲ, ಅಲ್ಲಿ ಅವರಿಗೆ ಬಿಂಗ್‌ತೊಕ್ ಸಿಕ್ತು, ಬಕ್‌ವೀಟ್ ಹಿಟ್ಟಿನ ತೆಳ್ಳನೆ ದೋಸೆ, ಒಳಗೆ ಬೇಯಿಸಿದ ಮೂಲಂಗಿ ತುರಿ, ಸುರುಳಿ ಸುತ್ತಿರ್ತಾರೆ. ಹಿಂದಿನ ಕಾಲದಲ್ಲಿ ಕಾವಲಿಗೆ ಹಂದಿ ಕೊಬ್ಬು ಸವರ್ತಿದ್ರು ಅಂತ ಭಟ್ರು ಓದ್ಕೊಂಡೇ ಬಂದಿದ್ರು, ಎಣ್ಣೆ ಬಾಟಲಿ ತೋರ್ಸಿ ಅಂತ ಅಂಗಡಿ ಅಜ್ಜಿನ ಗೋಳು ಹೊಯ್ಕೊಂಡ್ರು, ಬಾಟಲಿ ಮೇಲೆ ಹಳದಿ ಹೂವಿನ ಚಿತ್ರ ನೋಡಿದ ಮೇಲೇ ಸಮಾಧಾನ. ರುಚಿ? ಏನೂ ಇಲ್ಲ. ನಿಜವಾಗ್ಲೂ ಏನೂ ಇಲ್ಲ, ಉಪ್ಪೂ ಇಲ್ಲ ಖಾರನೂ ಇಲ್ಲ, ಆದ್ರೆ ಭಟ್ರ ಕಣ್ಣಲ್ಲಿ ನೀರು. ಜೇಜುನ ಪುರಾಣದಲ್ಲಿ ಬೆಳೆಗಳ ದೇವತೆ ಜಚೊಂಗ್‌ಬಿ ಸ್ವರ್ಗದಿಂದ ಬೀಜಗಳನ್ನ ತರೋವಾಗ ಬಕ್‌ವೀಟ್ ಮರೆತು ಬಂದು ಮತ್ತೆ ವಾಪಸ್ ಹೋಗಿ ತಂದ್ಲಂತೆ, ಅದಕ್ಕೇ ಆ ಬೆಳೆ ಎಲ್ಲಕ್ಕಿಂತ ತಡವಾಗಿ ಬಿತ್ತೋದು. ಭಟ್ರು ಆಯಮ್ಮನಿಗೆ ಅಲ್ಲೇ ನಿಂತು ಕೈ ಮುಗಿದ್ರು. ಪಕ್ಕದಲ್ಲೇ ಒಮೆಗಿ ತೊಕ್, ಅದೇ ನವಣೆ ಕಡುಬು, ಈಗಿನದಕ್ಕೆ ಒಳಗೆ ಕೆಂಪು ಕಾಳಿನ ಹೂರಣ, ಹೊರಗೂ ಇಡೀ ಕಾಳು ಮೆತ್ತಿರ್ತಾರೆ. ಹಲ್ಲಿಗೆ ಅಂಟ್ಕೊಂಡ್ರೆ ಬೇಗ ಬಿಡಲ್ಲ, ಭಟ್ರು ಎರಡು ಒಟ್ಟಿಗೆ ಹಾಕ್ಕೊಂಡು ಹತ್ತು ನಿಮಿಷ ಮೌನವ್ರತ.

ಕಪ್ಪು ಹಂದಿ ಬೀದೀಲಿ ಅಂಗಡಿಗೆ ಕೂತ್ಮೇಲೆ ಗೊತ್ತಾಗಿದ್ದು, ಅಲ್ಲಿ ಪ್ಲೇಟು ಲೆಕ್ಕ ಅಲ್ಲ, ತೂಕದ ಲೆಕ್ಕ. ಒಂದು ಗುನ್ ಅಂದ್ರೆ 600 ಗ್ರಾಂ, ಇಬ್ಬರಿಗೆ. ಐವತ್ತು ಸಾವಿರ ವಾನ್‌ಗೂ ಮೇಲೆ. ಇಟ್ಟಿಗೆ ದಪ್ಪದ ಎರಡು ತುಂಡು ತಂದು ಕೆಂಡದ ಮೇಲೆ ಇಟ್ರು, ಚರ್ಮದಲ್ಲಿ ಅಲ್ಲಲ್ಲಿ ಕಪ್ಪು ಕೂದಲ ಬುಡ ಹಾಗೇ ಬಿಟ್ಟಿರ್ತಾರೆ, ಅಸಲಿ ಕಪ್ಪು ಹಂದಿ ಅನ್ನೋಕೆ ಸಾಕ್ಷಿಯಂತೆ. ಹುಡುಗ ಬಂದು ಕತ್ತರೀಲಿ ಕತ್ತರಿಸಿ, ಸಣ್ಣ ಬಟ್ಟಲಲ್ಲಿ ಮೆಲ್ಜೊತ್, ಅಂದ್ರೆ ಉಪ್ಪು ಹಾಕಿ ಕೊಳೆಸಿದ ಸಣ್ಣ ಮೀನಿನ ಗೊಜ್ಜು, ಅದನ್ನೂ ಕೆಂಡದ ಮೇಲೇ ಕುದಿಯೋಕೆ ಇಟ್ಟ. ಆ ವಾಸನೆಗೆ ಭಟ್ರು ಕುರ್ಚಿ ಸಮೇತ ಪಕ್ಕದ ಟೇಬಲ್ ಗಡಿ ದಾಟಿದ್ರು. ನಾನು ಮಾತ್ರ ಹೇಳ್ತೀನಿ ಕೇಳಿ, ಹಂದಿಗಿಂತ ಈ ಗೊಜ್ಜೇ ಹೆಚ್ಚು, ಬಿಸಿ ಮಾಂಸನ ಅದರಲ್ಲಿ ಅದ್ದಿ ಎಲೇಲಿ ಸುತ್ತಿ ಬೆಳ್ಳುಳ್ಳಿ ಇಟ್ಟು ಬಾಯಿಗೆ ಹಾಕ್ಕೊಂಡಾಗ ದೊಡ್ಡಿ ಪಾಯಿಖಾನೆ ಕೋಲು ಎಲ್ಲ ಮರೆತು ಹೋಯ್ತು.

ಸೋಜು ಕೇಳ್ದೆ. ಹಲ್ಲಾಸಾನ್ ಸೋಜು, ಅಲ್ಲಿನ ಬೆಟ್ಟದ ಹೆಸರೇ, 1,947 ಮೀಟರಿನ ಬೆಟ್ಟ, ಮಿಕ್ಕ ಕೊರಿಯಾದವರು ಹೆಚ್ಚಾಗಿ ಹಸಿರು ಬಾಟಲಿ ಸೋಜು ಕುಡಿದ್ರೆ ಇಲ್ಲಿನ ಹಳಬರಿಗೆ ಬಿಳಿ ಬಾಟಲಿದೇ ಬೇಕು, 21 ಪರ್ಸೆಂಟಿಂದು, ಅದೂ ಫ್ರಿಜ್ಜಿನಲ್ಲಿ ಇಡದೇ ಇರೋದು, ಉಗುರು ಬೆಚ್ಚಗೆ. ಭಟ್ರು ಅಲ್ಲಿನವರ ಥರ ಫ್ರಿಜ್ಜಿಂದು ಬೇಡ ಅಂತ ಆರ್ಡರ್ ಮಾಡಿ, ಪಕ್ಕದ ಟೇಬಲ್ಲಿನ ಹಿರಿಯರ ಹತ್ರ ಶಹಬ್ಬಾಸ್ ಗಿಟ್ಟಿಸಿ, ಎರಡು ಗ್ಲಾಸು ತುಂಬ್ಸಿದ್ರು. ನಾನು ಕೈ ಚಾಚಿದೆ. "ಒಪ್ಪಂದ" ಅಂದ್ರು. "ಅದು ಕಾರಿದ್ದಾಗ" ಅಂದೆ. "ಕಾರಿನ ಮಾತು ಆಮೇಲೆ ಬಂದಿದ್ದು, ಕುಡಿಯೋ ಇಬ್ಬರ ಪಾಲೂ ನಂದು ಅನ್ನೋದು ಮೊದಲನೇ ಕಲಮು. ನೀವು ಹಂಗಾರೆ ನನ್ನ ಪಾಲಿನ 300 ಗ್ರಾಂ ಬಿಟ್ಟುಬಿಡಿ, ನಾನು ನಿಮ್ಮ ಗ್ಲಾಸು ಬಿಡ್ತೆ." ಭಟ್ರ ತಾತ ಶಿರಸಿ ಕೋರ್ಟಲ್ಲಿ ವಕೀಲರಾಗಿದ್ರಂತೆ, ಇದು ನನಗೆ ಗೊತ್ತಾಗಿದ್ದೇ ಆಗ. ಕೊನೆಗೆ ಪಕ್ಕದ ಟೇಬಲ್ಲಿನ ಹಿರಿಯರಿಗೇ ಕರುಣೆ ಬಂದು ಅವರ ಬಾಟಲಿಯಿಂದ ನನಗೊಂದು ಗ್ಲಾಸು ಹಾಕಿಕೊಟ್ರು, ಎರಡೂ ಕೈಯಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ ಕುಡಿದೆ, ಹಿರಿಯರ ಮುಂದೆ ಹಂಗೇ ಕುಡೀಬೇಕು ಅಲ್ಲಿ. ಬದಲಿಗೆ ನಾವು ಅವರಿಗೆ ಕಿತ್ತಳೆ ಕೊಟ್ವಿ. ಅವರ ಕುರ್ಚಿ ಪಕ್ಕದಲ್ಲೂ ಒಂದು ಚೀಲ ಕಿತ್ತಳೆ ಇತ್ತು, ಅದರಿಂದ ನಮಗೆ ಕೊಟ್ರು.

ಆರು ನೂರು ಗ್ರಾಂ ಮುಗೀತು. ಹೆಂಗೆ ಅಂತ ಕೇಳಬೇಡಿ, ಕೊನೇ ನಾಲ್ಕು ತುಂಡು ಬರೀ ಹಠಕ್ಕೆ ಹೋಗಿದ್ದು. ಬೆಲ್ಟು ಬಿಚ್ಚಿ ಜೇಬಿಗೆ ಹಾಕ್ಕೊಂಡು ಗೋಡೆಗೆ ಒರಗಿ ಕೂತಿದ್ದೆ, ಹುಡುಗ ಚೀಟಿ ಪೆನ್ನು ಹಿಡ್ಕೊಂಡು ನಗ್ತಾ ಬಂದ. ಬಿಲ್ಲು ಇರಬೇಕು ಅನ್ಕೊಂಡು ಕಾರ್ಡು ತೆಗೆದೆ. ಬಿಲ್ಲಲ್ಲ. ಊಟಕ್ಕೆ ಏನು ತಗೊಳ್ತೀರಿ ಅಂತ ಕೇಳೋಕೆ ಬಂದಿದ್ದ. ಕೊರಿಯಾದಲ್ಲಿ ಮಾಂಸ ಎಷ್ಟೇ ತಿಂದಿರಿ, ಅದು ಊಟದ ಲೆಕ್ಕಕ್ಕೆ ಬರಲ್ಲ, ಅದಾದ ಮೇಲೆ ಅನ್ನನೋ ತಣ್ಣನೆ ನೂಡಲ್ಸೋ ತಿಂದ್ರೇನೇ ಊಟ. ನಾನು ಬೇಡ ಅನ್ನೋಕೆ ಬಾಯಿ ತೆಗೆಯೋದ್ರೊಳಗೆ ಭಟ್ರು, ಅಷ್ಟೊತ್ತಿಗೆ ಕೊರಿಯನ್ ಭಾಷೆ ಬಹಳ ಚೆನ್ನಾಗಿ ಬರ್ತಿತ್ತು ಅವರಿಗೆ, ಎರಡು ಬೆರಳು ಎತ್ತಿ ಎರಡು ಪ್ಲೇಟ್ ನೂಡಲ್ಸ್ ಹೇಳ್ಬಿಟ್ರು, ಗೋಗಿ ಪ್ಪೆ ಜುಸೆಯೊ ಅನ್ನೋದನ್ನೂ ಮರೀಲಿಲ್ಲ.

ಬಂತು. ಭಟ್ರ ಬಟ್ಟಲಿನ ಮೊಟ್ಟೆ, ಮಾಂಸದ ಹೋಳು ಎಲ್ಲ ನನ್ನ ಬಟ್ಟಲಲ್ಲಿ.